ದಿನದ ಲೆಕ್ಕ, ರಕ್ತದ ಲೆಕ್ಕ

ಕೃಷ್ಣಾ ನದಿಯ ದಂಡೆಯ ಉಗಾರ ಖುರ್ದ ಮಿರಜ ಮತ್ತು ಬೆಳಗಾವಿಗಳನ್ನು ಕೂಡಿಸುವ ರೈಲುದಾರಿಯ ಮೇಲಿನ ಊರು. ಮದುವೆಯಾಗಿ ನಾಲ್ಕಾರು ವರ್ಷ ಕಳೆದರೂ ತೊಟ್ಟಿಲು ಕಟ್ಟದ ಮನೆಗಳಿಗೆ ಈ ದಾರಿಯ ಎರಡು ದಿಕ್ಕುಗಳೂ ಬಹುಕಾಲದಿಂದ ಎರಡು ಬಗೆಯ ಭರವಸೆಯನ್ನು ತೋರಿಸುತ್ತ ಬಂದಿವೆ. ದಕ್ಷಿಣಕ್ಕೆ ಹೊರಟರೆ ಹೊಳೆಯ ಸೇತುವೆ, ಕುಡಚಿ, ಅದರಾಚೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿ. ಭಾರತ ಹುಣ್ಣಿಮೆಗೆ ಅಲ್ಲಿ ಕೂಡುವ ಮಾಯಕ್ಕನ ಜಾತ್ರೆಗೆ ಕರ್ನಾಟಕ ಮತ್ತು ಮಹಾರಾಷ್ಟ್ರಗಳೆರಡರಿಂದಲೂ ಜನ ಬರುತ್ತಾರೆ, ಹರಕೆ ಹೊರುತ್ತಾರೆ, ದೇವಿಗೆ ಉಡಿ ತುಂಬುತ್ತಾರೆ. ಅಕ್ಕಿ, ಕುಬಸದ ಖಣ, ತೆಂಗಿನಕಾಯಿ, ಉತ್ತತ್ತಿ, ಅರಿಶಿನಕೊಂಬುಗಳನ್ನು ಸೆರಗಿನಲ್ಲಿ ಹಾಕುವ ಈ ಉಡಿ ಸಂತಾನದ ಬೇಡಿಕೆಗೂ ಸಂತಾನವಾದ ಮೇಲಿನ ಕೃತಜ್ಞತೆಗೂ ಒಂದೇ ರೂಪದಲ್ಲಿ ಸಲ್ಲುತ್ತದೆ. ಉತ್ತರಕ್ಕೆ ಹೊರಟರೆ ಶೇಡಬಾಳ ದಾಟಿ ಮಿರಜ. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ 1889ರಲ್ಲಿ ಭಾರತಕ್ಕೆ ಬಂದ ಕೆನಡಾ ಮೂಲದ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆಯನ್ನೂ, 1897ರಲ್ಲಿ ವೈದ್ಯಕೀಯ ಶಾಲೆಯನ್ನೂ ತೆರೆದರು. ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ ಎಂಬ ಪಟವರ್ಧನರ ಸಂಸ್ಥಾನಗಳು ಬ್ರಿಟಿಷ್ ಮುಲುಕಿನೊಂದಿಗೆ ಹೆಣೆದುಕೊಂಡಿದ್ದ ಆ ಕಾಲದಲ್ಲಿ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಕನ್ನಡಿಗ ರೋಗಿಗೆ ಮಿರಜ ಪರನಾಡಾಗಿರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ನಡುವೆ ಹಾಯ್ದ ಮೇಲೂ ದವಾಖಾನೆಯ ದಾರಿ ಮಾತ್ರ ಬದಲಾಗಲಿಲ್ಲ.

ಇಂದು ಆ ದಾರಿಯಲ್ಲಿ ರೋಗಿಗಿಂತ ಮೊದಲು ರೋಗಿಯ ರಕ್ತ ಪ್ರಯಾಣ ಮಾಡುತ್ತದೆ. ಸಂತಾನಶಕ್ತಿಗೆ ಸಂಬಂಧಿಸಿದ ಹಾರ್ಮೋನುಗಳ ಪರೀಕ್ಷೆ ತಾಲ್ಲೂಕು ಊರುಗಳ ಸಂಗ್ರಹ ಕೇಂದ್ರಗಳಲ್ಲಿ ದಿನನಿತ್ಯದ ವ್ಯವಹಾರವಾಗಿದೆ, ಮರುದಿನ ಮೊಬೈಲಿಗೆ ಬರುವ ವರದಿಯಲ್ಲಿ ಅಂಕಿಗಳು ಸಾಲಾಗಿ ನಿಂತಿರುತ್ತವೆ, ಮಿತಿ ಮೀರಿದ ಅಂಕಿ ದಪ್ಪ ಅಕ್ಷರದಲ್ಲಿರುತ್ತದೆ. ಈ ಪರೀಕ್ಷೆಯ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಸೂಕ್ಷ್ಮತೆ ಹೆಚ್ಚುತ್ತ ಹೋದ ಕಥೆಯಾಗಿ ಹೇಳುವುದು ವಾಡಿಕೆ. ಆದರೆ ಅರ್ಜಿಯ ಮೊದಲ ಸಾಲಿನಲ್ಲೇ, ಹೆಸರು ಮತ್ತು ವಯಸ್ಸುಗಳ ಕೆಳಗೆ, ಕೊನೆಯ ಮುಟ್ಟಿನ ಮೊದಲ ದಿನ ಯಾವುದು ಎಂಬ ಪ್ರಶ್ನೆ ಇರುತ್ತದೆ. ಅದಕ್ಕೆ ಉತ್ತರವಿಲ್ಲದಿದ್ದರೆ ಮುಂದಿನ ಅಂಕಿಗಳಲ್ಲಿ ಹೆಚ್ಚಿನವು ಅರ್ಥ ಕಳೆದುಕೊಳ್ಳುತ್ತವೆ. ಯಂತ್ರ ಅಳೆಯಲಾರದ, ಹೆಣ್ಣುಮಗಳೊಬ್ಬಳು ತಾನೇ ಇಟ್ಟುಕೊಂಡ ದಿನದ ಲೆಕ್ಕದ ಮೇಲೆ ಈ ಪರೀಕ್ಷೆ ನಿಂತಿದೆ, ಮತ್ತು ಆ ಲೆಕ್ಕಕ್ಕೆ ಪ್ರಯೋಗಾಲಯಕ್ಕಿಂತ ಬಹಳ ಹಿಂದಿನ ಇತಿಹಾಸವಿದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಮುಟ್ಟಾದವಳು ಹೊರಗೆ ಕೂಡುವ, ನಾಲ್ಕನೆಯ ಅಥವಾ ಐದನೆಯ ದಿನ ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬರುವ ಪದ್ಧತಿಯನ್ನು ಇಂದಿನ ಓದುಗ ಮೈಲಿಗೆಯ ಕಟ್ಟುಪಾಡೆಂದು ಮಾತ್ರ ನೋಡುತ್ತಾನೆ, ಅದು ಸರಿಯೂ ಹೌದು. ಆ ಕಟ್ಟುಪಾಡಿನ ಒಂದು ಅನುದ್ದೇಶಿತ ಪರಿಣಾಮವೆಂದರೆ ಮುಟ್ಟಿನ ದಿನ ಇಡೀ ಮನೆಗೆ ತಿಳಿಯುತ್ತಿತ್ತು. ಅಮಾವಾಸ್ಯೆ ಕಳೆದು ಎಷ್ಟನೆಯ ದಿನ, ಯಾವ ಸಂತೆಯ ಮರುದಿನ ಎಂಬ ಗುರುತಿನೊಂದಿಗೆ ಅತ್ತೆಯ ನೆನಪಿನಲ್ಲಿ ಅದು ಉಳಿಯುತ್ತಿತ್ತು, ಮುಂದಿನ ತಿಂಗಳು ತಪ್ಪಿದರೆ ಮೊದಲು ಗಮನಿಸುತ್ತಿದ್ದವಳೂ ಅವಳೇ. 1973ರಲ್ಲಿ ಮುಂಬಯಿಯಲ್ಲಿ ಆರಂಭವಾದ ‘ಕಾಲನಿರ್ಣಯ’ದಂಥ ಗೋಡೆಯ ದಿನದರ್ಶಿಕೆಗಳು ಗಡಿಭಾಗದ ಅಡುಗೆಮನೆಗಳಿಗೆ ಬಂದ ಮೇಲೆ ಹಾಲಿನ ಲೆಕ್ಕ, ಏಕಾದಶಿ, ಸಿಲಿಂಡರ್ ಹಚ್ಚಿದ ತಾರೀಖುಗಳ ನಡುವೆ ಯಾರಿಗೂ ಕಾಣದಂತೆ ಹಾಕಿದ ಒಂದು ಚುಕ್ಕೆಯಾಗಿ ಈ ಲೆಕ್ಕ ಖಾಸಗಿಯಾಯಿತು.

ಶಾಸ್ತ್ರಗಳೂ ದಿನ ಎಣಿಸಿದ್ದವು. ಗರ್ಭ ನಿಲ್ಲಲು ಯೋಗ್ಯವಾದ ಅವಧಿಯಾದ ಋತುಕಾಲವನ್ನು ಸುಶ್ರುತ ಸಂಹಿತೆ ಹನ್ನೆರಡು ರಾತ್ರಿಗಳೆಂದೂ, ಮನುಸ್ಮೃತಿ ಹದಿನಾರು ರಾತ್ರಿಗಳೆಂದೂ ಹೇಳುತ್ತವೆ. ಎರಡೂ ಎಣಿಕೆಗಳು ಮುಟ್ಟಿನಿಂದ ಮುಂದಕ್ಕೆ ಸಾಗುತ್ತವೆ. ಜಪಾನಿನ ಕ್ಯೂಸಾಕು ಓಗಿನೊ 1924ರಲ್ಲಿ, ಆಸ್ಟ್ರಿಯಾದ ಹರ್ಮನ್ ಕ್ನಾಸ್ 1928ರಲ್ಲಿ ಪ್ರತ್ಯೇಕವಾಗಿ ಕಂಡುಕೊಂಡದ್ದು ಈ ಎಣಿಕೆಯನ್ನು ತಿರುಗಿಸಬೇಕೆಂಬುದನ್ನು: ಅಂಡಾಶಯದಿಂದ ಅಂಡ ಹೊರಬೀಳುವ ಕ್ರಿಯೆ, ಅಂದರೆ ಅಂಡೋತ್ಸರ್ಗ, ಹಿಂದಿನ ಮುಟ್ಟಿನಿಂದ ಇಷ್ಟನೆಯ ದಿನ ಎಂದು ನಿಗದಿಯಾಗಿರುವುದಿಲ್ಲ, ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಆಗುತ್ತದೆ. ಹತ್ತೊಂಬತ್ತನೆಯ ಶತಮಾನದ ಐರೋಪ್ಯ ವೈದ್ಯರಲ್ಲಿ ಅನೇಕರು ತಿಂಗಳ ನಡುವಿನ ದಿನಗಳಲ್ಲಿ ಗರ್ಭ ನಿಲ್ಲುವುದಿಲ್ಲವೆಂದು ನಂಬಿ, ಅದನ್ನೇ ಸಲಹೆಯಾಗಿ ಕೊಡುತ್ತಿದ್ದರೆಂಬುದನ್ನು ನೆನೆದರೆ, ಹದಿನಾರು ರಾತ್ರಿಗಳ ಹಳೆಯ ಲೆಕ್ಕ ಕನಿಷ್ಠಪಕ್ಷ ನಡುವಿನ ದಿನಗಳನ್ನು ಒಳಗೊಂಡಿತ್ತು.

ದಿನದ ಲೆಕ್ಕವೊಂದೇ ಸಾಕೇ ಎಂಬ ಪ್ರಶ್ನೆಗೆ ಕರ್ನಾಟಕದ ನೆಲದಲ್ಲೇ ಒಂದು ಪರೀಕ್ಷೆ ನಡೆಯಿತು. 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿದ್ದ ಮೈಸೂರು ರಾಜ್ಯದ ರಾಮನಗರವನ್ನೂ ದೆಹಲಿಯ ಲೋದಿ ಕಾಲೊನಿಯನ್ನೂ, ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಆಸಕ್ತಿಯಿಂದ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಪ್ರಯೋಗವೊಂದಕ್ಕೆ 1952ರಲ್ಲಿ ಆರಿಸಲಾಯಿತು. ಗರ್ಭ ನಿಲ್ಲಬಹುದಾದ ದಿನಗಳನ್ನು ಎಣಿಸಿ ದೂರವಿರುವ ವಿಧಾನ ಅದು. ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಡಲಾಯಿತು, ದಿನಕ್ಕೊಂದು ಮಣಿ ಸರಿಸುತ್ತ ಹೋದರೆ ಹಸಿರು ಮಣಿಯ ದಿನ ಸುರಕ್ಷಿತ, ಕೆಂಪು ಮಣಿಯ ದಿನ ಅಲ್ಲ ಎಂಬುದು ಕ್ರಮ. ದೀಪವಿಲ್ಲದ ಮನೆಯಲ್ಲಿ ರಾತ್ರಿ ಬಣ್ಣ ಕಾಣುವುದಿಲ್ಲವೆಂಬುದು ಆಮೇಲೆ ಹೊಳೆದು, ಕೈಯಿಂದ ಮುಟ್ಟಿ ಗುರುತಿಸಬಹುದಾದ ಬೇರೆ ಬೇರೆ ಆಕಾರದ ಮಣಿಗಳನ್ನು ಮಾಡಬೇಕಾಯಿತು. ಪ್ರಯೋಗ ಹೆಚ್ಚು ಫಲ ಕೊಡಲಿಲ್ಲ. ಅದರ ಸೋಲನ್ನು ಹಳ್ಳಿಯ ಹೆಂಗಸರ ಅಜ್ಞಾನದ ಮೇಲೆ ಹೊರಿಸುವ ಬರಹಗಳು ಬಂದವು, ಆದರೆ ಮೂಲದ ತೊಡಕು ಮಣಿಯಲ್ಲೇ ಇತ್ತು: ಸರದಲ್ಲಿನ ಮಣಿಗಳ ಸಂಖ್ಯೆ ಪ್ರತಿ ತಿಂಗಳೂ ಒಂದೇ, ದೇಹದ ಚಕ್ರ ಹಾಗಲ್ಲ. ಹೊಲದ ದುಡಿಮೆ, ಜ್ವರ, ಮೊಲೆಯೂಡಿಸುವ ತಿಂಗಳುಗಳು, ಹೊಟ್ಟೆಗಿಲ್ಲದ ಬರಗಾಲ, ಇವೆಲ್ಲ ಅಂಡೋತ್ಸರ್ಗವನ್ನು ಹಿಂದೆ ಮುಂದೆ ತಳ್ಳುತ್ತವೆ. ಎಣಿಸುವವಳಿಗೆ ಒಳಗೆ ಏನು ನಡೆದಿದೆ ಎಂದು ತಿಳಿಸುವ ಇನ್ನೊಂದು ಸಾಕ್ಷಿ ಬೇಕಿತ್ತು.

ಆ ಸಾಕ್ಷಿ ರಕ್ತದಲ್ಲಿದೆ ಎಂಬ ತಿಳಿವಳಿಕೆ ಹೊಸದು. ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದ ಮೂಲಕ ಸಾಗಿ, ದೂರದ ಇನ್ನೊಂದು ಅಂಗವನ್ನು ಎಚ್ಚರಿಸುವ ರಾಸಾಯನಿಕಕ್ಕೆ ಹಾರ್ಮೋನು ಎಂಬ ಹೆಸರನ್ನು ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ಸಂತಾನಕ್ರಿಯೆಯ ಮಟ್ಟಿಗೆ ಇವುಗಳ ವ್ಯವಸ್ಥೆ ಮೂರು ಅಂತಸ್ತಿನದು. ಮೆದುಳಿನ ಬುಡದ ಹೈಪೊಥಲಾಮಸ್ ಎಂಬ ಭಾಗ ಸುಮಾರು ಒಂದೊಂದೂವರೆ ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಎಂಬ ಪ್ರೇರಕವನ್ನು ಚಿಮ್ಮಿಸುತ್ತದೆ. ಅದರ ಕೆಳಗೆ ತೂಗುವ, ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿ ಅದಕ್ಕೆ ಓಗೊಟ್ಟು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಫ್‌ಎಸ್‌ಎಚ್ ಅಂಡಾಶಯದಲ್ಲಿ ಅಂಡವನ್ನು ಹೊತ್ತ ಕೋಶಿಕೆಗಳನ್ನು ಬೆಳೆಸುತ್ತದೆ, ಬೆಳೆದ ಕೋಶಿಕೆ ಈಸ್ಟ್ರಡಯಾಲ್ ಎಂಬ ಹೆಣ್ಣು ಹಾರ್ಮೋನನ್ನು ಸುರಿಸುತ್ತದೆ, ಅದು ತುಂಬಿ ಬಂದಾಗ ಎಲ್‌ಎಚ್ ಒಮ್ಮೆಲೆ ಉಕ್ಕಿ ಕೋಶಿಕೆ ಒಡೆದು ಅಂಡ ಹೊರಬೀಳುತ್ತದೆ, ಒಡೆದ ಕೋಶಿಕೆಯ ಉಳಿಕೆ ಪ್ರೊಜೆಸ್ಟರಾನ್ ಎಂಬ ಗರ್ಭಪೋಷಕ ಹಾರ್ಮೋನನ್ನು ತಯಾರಿಸುತ್ತದೆ. ಅಂಡಾಶಯದ ಹಾರ್ಮೋನು ಸಾಕಷ್ಟಿದ್ದರೆ ಪಿಟ್ಯುಟರಿ ತನ್ನ ಕೂಗನ್ನು ತಗ್ಗಿಸುತ್ತದೆ, ಸಾಲದಿದ್ದರೆ ಏರಿಸುತ್ತದೆ. ವರದಿಯಲ್ಲಿ ಎಫ್‌ಎಸ್‌ಎಚ್ ಹೆಚ್ಚಿದ್ದರೆ ಶಕ್ತಿ ಹೆಚ್ಚಿದೆ ಎಂದು ಸಂತೋಷಪಡುವವರು ಈ ಏರ್ಪಾಟನ್ನು ತಲೆಕೆಳಗಾಗಿ ಓದಿರುತ್ತಾರೆ. ಅಂಡಾಶಯ ಉತ್ತರ ಕೊಡದಿರುವುದರಿಂದಲೇ ಮೇಲಿನ ಕೂಗು ಜೋರಾಗಿರುತ್ತದೆ.

ಈ ಹಾರ್ಮೋನುಗಳ ಪ್ರಮಾಣ ಅತ್ಯಲ್ಪ, ಒಂದು ಮಿಲಿಲೀಟರ್ ರಕ್ತದಲ್ಲಿ ಗ್ರಾಮಿನ ಶತಕೋಟಿಯ ಒಂದು ಪಾಲು ಎಂಬ ಲೆಕ್ಕದ್ದು. ತಕ್ಕಡಿಗೂ ಸಾಮಾನ್ಯ ರಸಾಯನಶಾಸ್ತ್ರಕ್ಕೂ ಅದು ಸಿಕ್ಕುವುದಿಲ್ಲ. ಹೀಗಾಗಿ ಮೊದಲ ಅಳತೆಗೋಲುಗಳು ಪ್ರಾಣಿಗಳೇ ಆದವು. ಬರ್ಲಿನ್ನಿನ ಸೆಲ್ಮಾರ್ ಆಶೈಮ್ ಮತ್ತು ಬರ್ನ್‌ಹಾರ್ಡ್ ಝೋಂಡೆಕ್ 1920ರ ದಶಕದ ಕೊನೆಯಲ್ಲಿ ಗರ್ಭಿಣಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ನಾಲ್ಕು ದಿನ ಕಾದು, ಇಲಿಯನ್ನು ಕೊಯ್ದು ಅಂಡಾಶಯ ನೋಡಿದರು. 1931ರಲ್ಲಿ ಅಮೆರಿಕದ ಮಾರಿಸ್ ಫ್ರೀಡ್‌ಮನ್ ಇಲಿಯ ಬದಲು ಮೊಲ ಹಿಡಿದು ಕಾಯುವ ಅವಧಿಯನ್ನು ಎರಡು ದಿನಕ್ಕೆ ಇಳಿಸಿದರು. ಮೂತ್ರ ಚುಚ್ಚಿದರೆ ಮೊಟ್ಟೆಯಿಡುವ ಆಫ್ರಿಕದ ಕಪ್ಪೆ ಆಮೇಲೆ ಬಂತು. ಬ್ಯೂನಸ್ ಐರಿಸ್‌ನ ಕಾರ್ಲೋಸ್ ಗಲ್ಲಿ ಮೈನಿನಿ 1947ರಲ್ಲಿ ಗಂಡು ನೆಲಗಪ್ಪೆಯಿಂದಲೇ ಕೆಲಸವಾಗುತ್ತದೆ, ಮೂರು ಗಂಟೆಯೊಳಗೆ ಅದರ ಮೂತ್ರದಲ್ಲಿ ವೀರ್ಯಾಣು ಕಾಣಿಸಿಕೊಳ್ಳುತ್ತದೆ, ಕಪ್ಪೆಯನ್ನು ಕೊಲ್ಲಬೇಕಾಗಿಯೂ ಇಲ್ಲ ಎಂದು ತೋರಿಸಿದ ಮೇಲೆ ಭಾರತದ ಪ್ರಯೋಗಾಲಯಗಳಿಗೂ ಈ ವಿಧಾನ ಬಂತು, ಇಲ್ಲಿಯ ಹಿತ್ತಿಲುಗಳ ಸಾಮಾನ್ಯ ನೆಲಗಪ್ಪೆಯೇ ಸಾಕಾಯಿತು. ಮಳೆ ಹೋದ ವರ್ಷ ಕಪ್ಪೆಯ ಮದುವೆ ಮಾಡುವ ಸೀಮೆಯಲ್ಲಿ ಬಸುರಿನ ಸುದ್ದಿಗೂ ಕಪ್ಪೆಯನ್ನು ಕೇಳುವುದು ಯಾರಿಗೂ ವಿಚಿತ್ರವೆನಿಸಿರಲಾರದು. ಆದರೆ ಇವೆಲ್ಲ ಬಸುರಾಗಿದೆಯೇ ಎಂದು ಹೇಳುತ್ತಿದ್ದವು, ಏಕೆ ಆಗಿಲ್ಲ ಎಂದು ಹೇಳುತ್ತಿರಲಿಲ್ಲ.

ಪ್ರಾಣಿಯುಗ ಪೂರ್ತಿ ಮುಗಿದಿಲ್ಲ ಎಂಬುದಕ್ಕೆ ಇಂದಿನ ವರದಿಯೇ ಸಾಕ್ಷಿ. ಈಸ್ಟ್ರಡಯಾಲನ್ನೂ ಪ್ರೊಜೆಸ್ಟರಾನನ್ನೂ ತೂಕದಲ್ಲಿ, ಅಂದರೆ ಪಿಕೋಗ್ರಾಂ ಮತ್ತು ನ್ಯಾನೋಗ್ರಾಂಗಳಲ್ಲಿ ಬರೆಯುವ ಅದೇ ಹಾಳೆ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್‌ಗಳನ್ನು ಮಿಲಿ ಅಂತರರಾಷ್ಟ್ರೀಯ ಘಟಕಗಳಲ್ಲಿ ಬರೆಯುತ್ತದೆ. ಈ ಘಟಕ ತೂಕವಲ್ಲ. ಒಪ್ಪಿತ ಮಾದರಿ ದ್ರವ್ಯವೊಂದು ಪ್ರಾಣಿಯ ದೇಹದಲ್ಲಿ ಎಷ್ಟು ಪರಿಣಾಮ ಉಂಟುಮಾಡುತ್ತದೆ ಎಂಬುದರಿಂದ ಹುಟ್ಟಿದ ಅಳತೆ, ಎಫ್‌ಎಸ್‌ಎಚ್‌ನ ಮಟ್ಟಿಗೆ 1953ರಲ್ಲಿ ರೂಢಿಗೆ ಬಂದ ಸ್ಟೀಲ್‌ಮನ್ ಮತ್ತು ಪೋಲಿ ಅವರ ವಿಧಾನದಲ್ಲಿ ಹೆಣ್ಣಿಲಿಯ ಅಂಡಾಶಯ ಎಷ್ಟು ತೂಕ ಏರಿತು ಎಂಬ ಲೆಕ್ಕ. ಆ ಕಾಲದ ಮಾದರಿ ದ್ರವ್ಯಗಳನ್ನು ತಯಾರಿಸಿದ್ದು ಮುಟ್ಟು ನಿಂತ ಹೆಂಗಸರ ಮೂತ್ರದಿಂದ, ಏಕೆಂದರೆ ಅಂಡಾಶಯ ಮೌನವಾದ ಮೇಲೆ ಪಿಟ್ಯುಟರಿಯ ಕೂಗು ಮೂತ್ರದಲ್ಲೂ ಸಿಗುವಷ್ಟು ಏರಿರುತ್ತದೆ. ಇಟಲಿಯ ಔಷಧ ತಯಾರಕರು ಇದಕ್ಕಾಗಿ ವಯಸ್ಸಾದ ಸನ್ಯಾಸಿನಿಯರ ಮಠಗಳಿಂದ ಮೂತ್ರ ಸಂಗ್ರಹಿಸಿದರು, ಮಕ್ಕಳಿಲ್ಲದವರಿಗೆ ಕೊಡುವ ಎಫ್‌ಎಸ್‌ಎಚ್ ಚುಚ್ಚುಮದ್ದೂ ಅದರಿಂದಲೇ ತಯಾರಾಯಿತು.

ಪ್ರಾಣಿಯಿಂದ ರಕ್ತದ ಕಡೆಗೆ ದಾರಿ ತಿರುಗಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ, ಅದೂ ಸಂತಾನಕ್ಕೆ ಸಂಬಂಧವಿಲ್ಲದ ಇನ್ಸುಲಿನ್ನಿನ ಅಧ್ಯಯನದಿಂದ. ಹೊರಗಿನಿಂದ ಇನ್ಸುಲಿನ್ ಪಡೆದವರ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ, ಅಂದರೆ ಅದನ್ನೇ ಹುಡುಕಿ ಹಿಡಿಯುವ ಪ್ರೋಟೀನನ್ನು ತಯಾರಿಸುತ್ತದೆ ಎಂದು ಭೌತವಿಜ್ಞಾನಿ ರೊಸಾಲಿನ್ ಯಾಲೊ ಮತ್ತು ವೈದ್ಯ ಸಾಲೊಮನ್ ಬರ್ಸನ್ ಕಂಡುಕೊಂಡಾಗ ಹೆಸರಾಂತ ಪತ್ರಿಕೆಗಳು ಅದನ್ನು ನಂಬಲಿಲ್ಲ. ತಮ್ಮ ಲೇಖನವನ್ನು ತಿರಸ್ಕರಿಸಿದ ಪತ್ರವನ್ನು ಯಾಲೊ 1977ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಪ್ರದರ್ಶಿಸಿದರು, 1972ರಲ್ಲೇ ತೀರಿಹೋಗಿದ್ದ ಬರ್ಸನ್ ಆ ಗೌರವದಲ್ಲಿ ಪಾಲು ಪಡೆಯಲಾಗಲಿಲ್ಲ. 1959ರ ಹೊತ್ತಿಗೆ ಸಿದ್ಧವಾದ ಅವರ ವಿಧಾನ ರೇಡಿಯೊ ಇಮ್ಯುನೊ ಅಸ್ಸೇ, ಸಂಕ್ಷಿಪ್ತವಾಗಿ ಆರ್‌ಐಎ. ಅದರ ತರ್ಕವನ್ನು ಉಗಾರದ ನಿಲ್ದಾಣದಲ್ಲೇ ವಿವರಿಸಬಹುದು: ಗಾಡಿಯಲ್ಲಿ ಆಸನಗಳ ಸಂಖ್ಯೆ ಗೊತ್ತಿದೆ, ಕೆಂಪು ಪಟಗ ಸುತ್ತಿದ ನೂರು ಜನರನ್ನು ಹತ್ತಿಸಲಾಗಿದೆ, ಅವರೊಂದಿಗೆ ಎಷ್ಟೆಂದು ಗೊತ್ತಿಲ್ಲದ ಬರಿದಲೆಯವರೂ ನುಗ್ಗಿದ್ದಾರೆ, ಕೊನೆಗೆ ಕುಳಿತವರಲ್ಲಿ ಕೆಂಪು ಪಟಗ ಕಡಿಮೆ ಕಂಡಷ್ಟೂ ಬರಿದಲೆಯವರು ಹೆಚ್ಚಾಗಿದ್ದಾರೆ ಎಂದರ್ಥ. ಆಸನಗಳೆಂದರೆ ಪ್ರತಿಕಾಯ, ಕೆಂಪು ಪಟಗದವರು ವಿಕಿರಣದ ಗುರುತು ಹಚ್ಚಿದ ಹಾರ್ಮೋನು, ಬರಿದಲೆಯವರು ರೋಗಿಯ ರಕ್ತದ ಹಾರ್ಮೋನು. 1960ರ ದಶಕದಲ್ಲಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್‌ಗಳಿಗೂ ಇದು ಅನ್ವಯವಾದ ಮೇಲೆ ಒಬ್ಬಳೇ ಹೆಣ್ಣುಮಗಳ ರಕ್ತವನ್ನು ದಿನದಿನವೂ ಅಳೆದು ಇಡೀ ತಿಂಗಳ ಏರಿಳಿತವನ್ನು ಮೊದಲ ಬಾರಿಗೆ ಕಾಗದದ ಮೇಲೆ ಗೆರೆಯಾಗಿ ಎಳೆಯಲು ಸಾಧ್ಯವಾಯಿತು.

ಕರ್ನಾಟಕಕ್ಕೆ ಈ ವಿದ್ಯೆ ಬಂದದ್ದು ಆಸ್ಪತ್ರೆಯ ಮೂಲಕವಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಮೂಲಕ. ಕ್ಯಾಲಿಫೋರ್ನಿಯಾದಲ್ಲಿ ಪಿಟ್ಯುಟರಿ ಹಾರ್ಮೋನುಗಳ ತಜ್ಞ ಸಿ. ಎಚ್. ಲೀ ಅವರೊಂದಿಗೆ ಕೆಲಸ ಮಾಡಿ ಬಂದ ನುಗ್ಗೇಹಳ್ಳಿ ರಘುವೀರ ಮೌದ್ಗಲ್, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್‌ಗಳ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿ, ದಕ್ಷಿಣ ಭಾರತದ ಊರುಕೇರಿಗಳಲ್ಲಿ ಕಾಣುವ ಸಾಮಾನ್ಯ ಕೋತಿಯಲ್ಲಿ ಒಂದೊಂದು ಹಾರ್ಮೋನನ್ನು ಪ್ರತ್ಯೇಕವಾಗಿ ತಡೆದರೆ ಏನಾಗುತ್ತದೆ ಎಂದು ದಶಕಗಳ ಕಾಲ ಶೋಧಿಸಿದರು. ಅವರ ಕೊನೆಯ ವರ್ಷಗಳ ಆಸಕ್ತಿ ಗಂಡಸರಲ್ಲಿ ಎಫ್‌ಎಸ್‌ಎಚ್ ತಡೆದು ಸಂತಾನ ನಿಯಂತ್ರಿಸುವ ಲಸಿಕೆಯ ಕಡೆಗಿತ್ತು, ಭಾರ ಯಾವಾಗಲೂ ಹೆಂಗಸಿನ ಮೇಲೆಯೇ ಬೀಳುವ ಈ ಕ್ಷೇತ್ರದಲ್ಲಿ ಇದು ಅಪರೂಪದ ದಿಕ್ಕು. ಈ ವಿದ್ಯೆಯ ಇನ್ನೊಂದು ಎಳೆ ಕೋಲ್ಕತ್ತದಿಂದ ಬೆಂಗಳೂರಿಗೆ ಬಂದು ಸೇರಿತು. ಎಲ್‌ಎಚ್ ಅಳೆಯುವ ವಿಷಯದಲ್ಲಿ ಎಡಿನ್‌ಬರೊದಲ್ಲಿ ಸಂಶೋಧನೆ ಮಾಡಿ ಬಂದಿದ್ದ ಕೋಲ್ಕತ್ತದ ವೈದ್ಯ ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ 1978ರ ಅಕ್ಟೋಬರ್ 3ರಂದು ದೇಶದ ಮೊದಲ ಪ್ರನಾಳ ಶಿಶು ಹುಟ್ಟಿತು. ಸಹೋದ್ಯೋಗಿಗಳೂ ಸರ್ಕಾರವೂ ನಂಬದೆ ಹೋದದ್ದರಿಂದ ನೊಂದು 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಮುಂಬಯಿಯ ಪರೇಲಿನಲ್ಲಿದ್ದ ಸಂತಾನ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ, 1986ರ ಆಗಸ್ಟ್ 6ರಂದು ಹುಟ್ಟಿದ ಹರ್ಷಾ ಎಂಬ ಮಗುವಿನ ಮೂಲಕ ‘ಮೊದಲಿಗ’ರೆಂಬ ಕೀರ್ತಿ ಪಡೆದಿದ್ದ ಟಿ. ಸಿ. ಆನಂದಕುಮಾರ್, ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿ, ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ಬೆಂಗಳೂರಿನಿಂದಲೇ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಆ ಕೀರ್ತಿಯನ್ನು ತಾವೇ ಮೂಲದವರಿಗೆ ಹಿಂದಿರುಗಿಸಿದರು. ವೈದ್ಯಕೀಯ ಚರಿತ್ರೆಯಲ್ಲಿ ಇಂಥ ಔದಾರ್ಯದ ಉದಾಹರಣೆಗಳು ಹೆಚ್ಚಿಲ್ಲ.

ಆರ್‌ಐಎ ಸಣ್ಣ ಊರುಗಳಿಗೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಗುರುತು ಹಚ್ಚಲು ಬಳಸುತ್ತಿದ್ದ ಅಯೋಡಿನ್ 125 ಸುಮಾರು ಅರವತ್ತು ದಿನಗಳಲ್ಲಿ ಅರ್ಧದಷ್ಟು ಕರಗಿಹೋಗುತ್ತದೆ, ಕಿಟ್ ಬಂದ ಕೆಲವೇ ವಾರಗಳಲ್ಲಿ ಬಳಸಿ ಮುಗಿಸಬೇಕು. ವಿಕಿರಣ ಎಣಿಸುವ ಯಂತ್ರ, ಅದನ್ನಿಡಲು ಪರವಾನಗಿ, ತ್ಯಾಜ್ಯ ವಿಲೇವಾರಿ ಎಲ್ಲವೂ ಬೇಕು. ಹೀಗಾಗಿ ಆ ಕಾಲದಲ್ಲಿ ಇಂಥ ಪರೀಕ್ಷೆ ಮುಂಬಯಿ, ಬೆಂಗಳೂರುಗಳಂಥ ನಗರಗಳ ಮತ್ತು ದೊಡ್ಡ ವೈದ್ಯಕೀಯ ಕಾಲೇಜುಗಳ ಸ್ವತ್ತಾಗಿತ್ತು. ವಿಕಿರಣದ ಬದಲು ಕಿಣ್ವದಿಂದ ಬಣ್ಣ ಬರಿಸುವ ಎಲೈಸಾ ವಿಧಾನ 1971ರಲ್ಲಿ ಸ್ವೀಡನ್ನಿನಿಂದ ಬಂತು, ಒಂದೇ ಗುರಿಯ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಉಪಾಯ 1975ರಲ್ಲಿ ಕೇಂಬ್ರಿಜ್‌ನಿಂದ ಬಂತು, ಬಣ್ಣದ ಬದಲು ಬೆಳಕನ್ನು ಅಳೆಯುವ ಸ್ವಯಂಚಾಲಿತ ಯಂತ್ರಗಳು ಅವುಗಳ ಬೆನ್ನಿಗೆ ಬಂದವು. ಇಂದು ಉಗಾರವಿರುವ ಕಾಗವಾಡ ಸೀಮೆಯಲ್ಲಿ ತೋಳಿನ ನರದಿಂದ ತೆಗೆದ ಮೂರ್ನಾಲ್ಕು ಮಿಲಿಲೀಟರ್ ರಕ್ತ, ಒಳಗೆ ಅಂಟು ಪದರವಿರುವ ಹಳದಿ ಮುಚ್ಚಳದ ನಳಿಕೆಯಲ್ಲಿ ಅರ್ಧ ಗಂಟೆ ಹೆಪ್ಪುಗಟ್ಟಲು ನಿಂತು, ಗಿರಗಿರನೆ ತಿರುಗುವ ಯಂತ್ರದಲ್ಲಿ ಕೆಂಪು ಕಣ ಕೆಳಗೆ, ತಿಳಿಹಳದಿ ಸೀರಂ ಮೇಲೆ ಎಂದು ಬೇರೆಯಾಗಿ, ಚೀಟಿ ಅಂಟಿಸಿಕೊಂಡು, ತಂಪುಪೆಟ್ಟಿಗೆಯಲ್ಲಿ ಕುಳಿತು ದೊಡ್ಡ ಊರಿನ ಯಂತ್ರಕ್ಕೆ ಹೊರಡುತ್ತದೆ.

ಚೀಟಿಯ ಮೇಲೆ ಇಲ್ಲದ್ದು ಚಕ್ರದ ದಿನ. ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಡಯಾಲ್‌ಗಳನ್ನು ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ಅಳೆಯುವುದು ಕ್ರಮ, ಏಕೆಂದರೆ ಆಗ ಮಾತ್ರ ಅಂಡಾಶಯ ವಿಶ್ರಾಂತಿಯಲ್ಲಿದ್ದು ಪಿಟ್ಯುಟರಿಯ ಸಹಜ ಕೂಗು ಕೇಳಿಸುತ್ತದೆ. ಆ ದಿನದ ಎಫ್‌ಎಸ್‌ಎಚ್ ಸಾಮಾನ್ಯವಾಗಿ 10ರ ಕೆಳಗಿರಬೇಕು. ಅದೇ ಹೆಣ್ಣುಮಗಳ ರಕ್ತವನ್ನು ತಿಂಗಳ ನಡುವೆ ತೆಗೆದರೆ ಎಲ್‌ಎಚ್ ಹಲವು ಪಟ್ಟು ಏರಿ ಕಾಣಬಹುದು, ಅದು ರೋಗವಲ್ಲ. ಈಸ್ಟ್ರಡಯಾಲನ್ನು ಜೊತೆಗೇ ನೋಡುವುದಕ್ಕೂ ಕಾರಣವಿದೆ: ಅದು ಆಗಲೇ ಏರಿದ್ದರೆ ಎಫ್‌ಎಸ್‌ಎಚ್ಚನ್ನು ಕೃತಕವಾಗಿ ತಗ್ಗಿಸಿ ತೋರಿಸುತ್ತದೆ, ಒಳಗಿನ ಕೊರತೆ ಮುಚ್ಚಿಹೋಗುತ್ತದೆ. ಅಂಡೋತ್ಸರ್ಗ ಆಯಿತೇ ಎಂದು ತಿಳಿಯಲು ಪ್ರೊಜೆಸ್ಟರಾನನ್ನು ಇಪ್ಪತ್ತೊಂದನೆಯ ದಿನ ಅಳೆಯುವುದು ರೂಢಿ, 3 ನ್ಯಾನೋಗ್ರಾಂ ದಾಟಿದರೆ ಆಗಿದೆ ಎನ್ನಬಹುದು. ಓಗಿನೊನ ತಿರುಗಿಸಿದ ಎಣಿಕೆ ಇಲ್ಲಿ ಮತ್ತೆ ಮುಖ್ಯವಾಗುತ್ತದೆ. ಇಪ್ಪತ್ತೊಂದು ಎಂಬುದು ಇಪ್ಪತ್ತೆಂಟು ದಿನದ ಚಕ್ರಕ್ಕೆ ಮಾತ್ರ ಸರಿ, ನಿಜವಾದ ನಿಯಮ ಮುಂದಿನ ಮುಟ್ಟಿಗೆ ಏಳು ದಿನ ಮೊದಲು ಎಂಬುದು. ಮೂವತ್ತೈದು ದಿನಕ್ಕೊಮ್ಮೆ ಮುಟ್ಟಾಗುವವಳ ರಕ್ತವನ್ನು ಇಪ್ಪತ್ತೊಂದನೆಯ ದಿನ ತೆಗೆದರೆ ಅವಳಿಗೆ ಅಂಡ ಆಗ ತಾನೇ ಹೊರಬೀಳುತ್ತಿರುತ್ತದೆ, ಪ್ರೊಜೆಸ್ಟರಾನ್ ಇನ್ನೂ ಏರಿರುವುದಿಲ್ಲ, ಸಹಜವಾಗಿರುವ ದೇಹಕ್ಕೆ ‘ಅಂಡವೇ ಆಗುತ್ತಿಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ. ರಾಮನಗರದ ಮಣಿಸರದ ತಪ್ಪು ಏಳು ದಶಕಗಳ ಮೇಲೂ ಅಚ್ಚಾದ ಅರ್ಜಿಗಳಲ್ಲಿ ಉಳಿದಿದೆ.

ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹೆಚ್ಚಿದ್ದರೆ ಮುಟ್ಟು ಏರುಪೇರಾಗುತ್ತದೆಂಬುದು ನಿಜ, ಆದರೆ ಅದು ಬಹಳ ಸಂಕೋಚದ ಹಾರ್ಮೋನು: ಸೂಜಿಯ ಭಯ, ಅಂಗಡಿಯಲ್ಲಿ ಗ್ಯಾಸಿಗೆಂದು ಕೇಳಿ ತಂದ, ಡಾಮ್‌ಪೆರಿಡೋನ್ ಬೆರೆತ ಗುಳಿಗೆ, ಇಷ್ಟೇ ಸಾಕು ಅದು 25ರ ಗೆರೆ ದಾಟಲು. ಅಂಡಾಶಯದಲ್ಲಿ ಸಣ್ಣ ಕೋಶಿಕೆಗಳು ಬೆಳೆಯದೆ ನಿಲ್ಲುವ ಪಿಸಿಓಎಸ್ ಎಂಬ ಸ್ಥಿತಿಯನ್ನು ಚಿಕಾಗೊದ ಸ್ಟೀನ್ ಮತ್ತು ಲೆವೆಂಥಾಲ್ 1935ರಲ್ಲಿ ಏಳು ಹೆಂಗಸರನ್ನು ನೋಡಿ ವರ್ಣಿಸಿದ್ದರು. ಅದನ್ನು ಗುರುತಿಸಲು ಎಲ್‌ಎಚ್, ಎಫ್‌ಎಸ್‌ಎಚ್‌ನ ಎರಡರಷ್ಟಿರಬೇಕು ಎಂಬ ಸೂತ್ರ ಬಹುಕಾಲ ಚಲಾವಣೆಯಲ್ಲಿತ್ತು, 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಒಪ್ಪಿದ ಲಕ್ಷಣಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ಆದರೂ ಅನೇಕ ವರದಿಗಳು ಆ ಅನುಪಾತವನ್ನು ಇನ್ನೂ ಅಚ್ಚು ಹಾಕುತ್ತವೆ.

ದಿನದ ಹಂಗಿಲ್ಲದ ಒಂದು ಹಾರ್ಮೋನು ಸಿಕ್ಕಿದೆ ಎಂಬ ಹುಮ್ಮಸ್ಸಿನಿಂದ ಬಂದದ್ದು ಎಎಂಎಚ್. ಗಂಡು ಭ್ರೂಣದಲ್ಲಿ ಹೆಣ್ಣಿನ ಅಂಗಗಳು ಬೆಳೆಯದಂತೆ ತಡೆಯುವ ವಸ್ತುವೊಂದಿದೆ ಎಂದು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1947ರಲ್ಲಿ ಮೊಲದ ಮರಿಗಳಲ್ಲಿ ತೋರಿಸಿದ್ದರು. ಅದೇ ವಸ್ತುವನ್ನು ಅಂಡಾಶಯದ ಸಣ್ಣ ಕೋಶಿಕೆಗಳೂ ತಯಾರಿಸುತ್ತವೆ, ಉಳಿದ ಕೋಶಿಕೆಗಳ ದಾಸ್ತಾನಿನ ಅಂದಾಜು ಅದರಿಂದ ಸಿಗುತ್ತದೆ, ತಿಂಗಳ ಯಾವ ದಿನ ಅಳೆದರೂ ಹೆಚ್ಚು ವ್ಯತ್ಯಾಸವಿಲ್ಲ ಎಂಬುದು ಆಮೇಲೆ ತಿಳಿಯಿತು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಚುಚ್ಚುಮದ್ದಿನ ಪ್ರಮಾಣ ಗೊತ್ತುಮಾಡಲು ಇದು ನಿಜಕ್ಕೂ ಉಪಯುಕ್ತ. ಆದರೆ ಮೊಟ್ಟೆಗಳ ದಾಸ್ತಾನು ಮುಗಿಯುತ್ತ ಬಂದಿದೆ ಎಂದು ಹೆದರಿಸಲು ಅದನ್ನು ಬಳಸುವುದು ಬೇರೆ ಮಾತು. ಬಂಜೆತನದ ಹಿನ್ನೆಲೆಯಿಲ್ಲದ, 30ರಿಂದ 44ರ ವಯಸ್ಸಿನ ಸುಮಾರು 750 ಹೆಂಗಸರನ್ನು ನೋಡಿದ ಅಮೆರಿಕದ ಅಧ್ಯಯನವೊಂದು, ಎಎಂಎಚ್ ಕಡಿಮೆಯಿದ್ದವರೂ ಉಳಿದವರಷ್ಟೇ ಸಹಜವಾಗಿ ಬಸುರಾದರೆಂದು 2017ರಲ್ಲಿ ವರದಿ ಮಾಡಿತು. ದಾಸ್ತಾನು ಎಷ್ಟಿದ್ದರೂ ತಿಂಗಳಿಗೆ ಹೊರಬೀಳುವುದು ಸಾಮಾನ್ಯವಾಗಿ ಒಂದೇ ಅಂಡ.

ಗಂಡಸಿನ ಪರೀಕ್ಷೆ ಇದಕ್ಕಿಂತ ಸುಲಭ, ಅಗ್ಗ. ವೀರ್ಯದ ಪರೀಕ್ಷೆಯೊಂದು ಮೊದಲು, ಅದರಲ್ಲಿ ಕೊರತೆ ಕಂಡರೆ ಎಫ್‌ಎಸ್‌ಎಚ್ ಮತ್ತು ಬೆಳಗಿನ ಹೊತ್ತು ತೆಗೆದ ರಕ್ತದಲ್ಲಿ ಟೆಸ್ಟೋಸ್ಟಿರಾನ್. ವೃಷಣ ಸೋತಿದ್ದರೆ ಇಲ್ಲಿಯೂ ಎಫ್‌ಎಸ್‌ಎಚ್ ಏರುತ್ತದೆ, ಏಕೆಂದರೆ ಪಿಟ್ಯುಟರಿಗೆ ಗಂಡು ಹೆಣ್ಣೆಂಬ ಭೇದವಿಲ್ಲ, ಅದೇ ಹಾರ್ಮೋನು ಇಬ್ಬರಲ್ಲೂ ಕೆಲಸ ಮಾಡುತ್ತದೆ. ಈ ಸುಲಭದ ಪರೀಕ್ಷೆ ಮೊದಲಾಗಬೇಕಿತ್ತು. ಆದರೆ ಹರಕೆ ಹೊರುವವಳು, ಉಡಿ ಹಿಡಿಯುವವಳು, ಎರಡನೆಯ ಮದುವೆಯ ಮಾತು ಕೇಳಿಸಿಕೊಳ್ಳುವವಳು ಯಾರೋ ಅವಳದೇ ತೋಳಿಗೆ ಮೊದಲ ಸೂಜಿ ಎಂಬ ಕ್ರಮವನ್ನು ಪ್ರಯೋಗಾಲಯ ಗುಡಿಯಿಂದ ಬದಲಿಲ್ಲದೆ ಪಡೆದುಕೊಂಡಿದೆ.

ದಿನದ ಲೆಕ್ಕಕ್ಕೆ ಈ ಸೀಮೆಯಲ್ಲಿ ಇನ್ನೊಂದು ಅರ್ಥವೂ ಇದೆ. ಸಾಂಗಲಿಯ ಶಿರಗಾಂವಕರ ಕುಟುಂಬದವರ ಉಗಾರ ಶುಗರ್ ವರ್ಕ್ಸ್ 1939ರಲ್ಲಿ ಸ್ಥಾಪನೆಯಾದಂದಿನಿಂದ ಉಗಾರ ಸಕ್ಕರೆಯ ಊರು. ಆಮೇಲೆ ಕೃಷ್ಣೆಯ ಎರಡೂ ದಂಡೆಗಳಲ್ಲಿ ಕಾರ್ಖಾನೆಗಳು ಬೆಳೆದು, ಹಂಗಾಮಿನಲ್ಲಿ ಕಬ್ಬು ಕಡಿಯಲು ಗಡಿಯಾಚೆಯ ಬೀಡ ಕಡೆಯಿಂದ ಗ್ಯಾಂಗುಗಳು ಬರುವುದು ಇಡೀ ಸೀಮೆಯ ವಾಡಿಕೆಯಾಯಿತು. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ, ಅವರಿಗೆ ಮುಂಗಡವಾಗಿ ಕೊಟ್ಟ ಹಣ ಉಚಲ, ಒಂದು ದಿನ ಕೆಲಸ ತಪ್ಪಿದರೆ ಮುಕಾದಮ ಹಾಕುವ ದಂಡ ಖಾಡಾ. ಮುಟ್ಟಿನ ನೋವಿಗೆ ಖಾಡಾ ಬೀಳದಂತೆ, ಬಿಳಿ ಹೋಗುವುದಕ್ಕೂ ಹೊಟ್ಟೆನೋವಿಗೂ ಕ್ಯಾನ್ಸರಿನ ಭಯ ತೋರಿಸಿದ ಖಾಸಗಿ ವೈದ್ಯರ ಮಾತಿನಂತೆ, ಗರ್ಭಚೀಲ ತೆಗೆಸಿಕೊಂಡ ಹೆಂಗಸರ ಸುದ್ದಿ 2019ರಲ್ಲಿ ದೇಶದ ಗಮನಕ್ಕೆ ಬಂದಾಗ ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿ ಬೀಡ ಜಿಲ್ಲೆಯ ಕಬ್ಬು ಕಡಿಯುವ 82,309 ಹೆಂಗಸರಲ್ಲಿ 13,861 ಮಂದಿಗೆ ಆ ಶಸ್ತ್ರಚಿಕಿತ್ಸೆ ಆಗಿರುವುದನ್ನು ಕಂಡಿತು. ಕರ್ನಾಟಕದಲ್ಲಿಯೂ ಕಲಬುರಗಿಯ ತಾಂಡಾಗಳ ಹೆಂಗಸರು ಇದೇ ದೂರು ಹೊತ್ತು ಬೀದಿಗಿಳಿದಿದ್ದರು. ಗರ್ಭಚೀಲದೊಂದಿಗೆ ಅಂಡಾಶಯವನ್ನೂ ತೆಗೆದರೆ ಕೆಲವೇ ದಿನಗಳಲ್ಲಿ ಈಸ್ಟ್ರಡಯಾಲ್ ಕುಸಿದು, ಕೆಲವು ವಾರಗಳಲ್ಲಿ ಎಫ್‌ಎಸ್‌ಎಚ್ ಮುಟ್ಟು ನಿಂತವರ ಮಟ್ಟಕ್ಕೆ ಏರುತ್ತದೆ, ಮೂವತ್ತರ ಹೆಂಗಸಿಗೆ ಮೈ ಬಿಸಿಯೇರುವುದು, ಕೀಲುನೋವು, ಮೂಳೆ ಸವೆತ ಶುರುವಾಗುತ್ತದೆ. ಅಂಡಾಶಯ ಉಳಿಸಿದ್ದರೆ ಹಾರ್ಮೋನು ಮುಂದುವರಿಯುತ್ತದೆ, ಆದರೆ ಮುಟ್ಟೇ ಇಲ್ಲದವಳಿಗೆ ಅದು ನಿಂತದ್ದು ಯಾವಾಗ ಎಂದು ರಕ್ತವನ್ನು ಬಿಟ್ಟು ಬೇರೆ ಯಾವ ಗುರುತೂ ಖಚಿತವಾಗಿ ಹೇಳಲಾರದು. ಏನನ್ನು ತೆಗೆದರು, ಏನನ್ನು ಉಳಿಸಿದರು ಎಂದು ಬರೆದ ಚೀಟಿ ಇಲ್ಲದ ಹೆಂಗಸರಿಗೆ ಎಫ್‌ಎಸ್‌ಎಚ್‌ನ ಅಂಕಿಯೇ ಅವರ ಶಸ್ತ್ರಚಿಕಿತ್ಸೆಯ ದಾಖಲೆ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಅದರಂತೆ 40 ವರ್ಷದೊಳಗಿನವರಿಗೆ ಮಾಡಿದ ಪ್ರತಿ ಶಸ್ತ್ರಚಿಕಿತ್ಸೆಯ ಕಾರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು.